ನಾಯಿಗೊಂದು ಕಲ್ಲು

ಕನ್ನಡದಲ್ಲಿ ನಾಯಿಯಷ್ಟು ಬೈಸಿಕೊಂಡ ಪ್ರಾಣಿ ಇನ್ನೊಂದು ಇರಲಾರದು. ಯಾರ ಗತಿಯಾದರೂ ಕೆಟ್ಟರೆ ಅದು ನಾಯಿಪಾಡು. ತಿದ್ದಿದರೂ ತಿದ್ದಿಕೊಳ್ಳದವನಿಗೆ ನಾಯಿ ಬಾಲ ಡೊಂಕು ಅನ್ನುತ್ತೇವೆ. ಯಾರೋ ಏನೋ ಟೀಕೆ ಮಾಡಿದರೆ, ನಾಯಿ ಬೊಗಳಿದರೆ ದೇವಲೋಕ ಹಾಳೇ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಒಪ್ಪಿಸಿದ ಕೆಲಸವನ್ನು ಇನ್ನೊಬ್ಬನ ತಲೆಗೆ ಕಟ್ಟುವವನನ್ನು ಕಂಡರೆ, ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಅಂತ ನಗುತ್ತೇವೆ. ಇಷ್ಟೆಲ್ಲ ಬೈದವರೇ ಯಾರಾದರೂ ಕೈಕೊಟ್ಟಾಗ, ‘ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ’ ಅಂತಲೂ ಹೇಳುತ್ತೇವೆ. ಅಂದರೆ ನಾಯಿಯ ವಿಷಯದಲ್ಲಿ ನಮ್ಮ ಭಾಷೆಗೆ ಎರಡು ನಾಲಿಗೆ.

ಇದೇ ಭಾಷೆಯಲ್ಲಿ, ಸುಮಾರು 1075 ವರ್ಷಗಳ ಹಿಂದೆ, ಸತ್ತುಹೋದ ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ, ಆ ಕಲ್ಲಿಗೆ ಪೂಜೆ ನಡೆಯಲೆಂದು ಜಮೀನು ಬಿಟ್ಟವನೊಬ್ಬನಿದ್ದ. ಆ ಕಲ್ಲು ಈಗಲೂ ಇದೆ. ನಮ್ಮಲ್ಲಿ ಎಷ್ಟು ಮಂದಿಗೆ ಅದು ಗೊತ್ತು? ನನಗಂತೂ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ಗೊತ್ತಾಗಲು ಕಾರಣ ನಮ್ಮ ಮನೆಯ ಮೋತಿ. ಕಳೆದ ಆಷಾಢದಲ್ಲಿ ಅದು ತೀರಿಕೊಂಡಿತು. 13 ವರ್ಷ ನಮ್ಮ ಜೊತೆ ಚಾಳಿನಲ್ಲಿದ್ದ ನಾಯಿ. ಜಾತಿ ಗೀತಿ ಏನೂ ಇಲ್ಲ, ಕಂದು ಬಣ್ಣದ ಸಾದಾ ನಾಯಿ. ಸುದ್ದಿ ಕೇಳಿ ಬಂದ ಮಾವ, ‘ಎಂತ ಮಾರಾಯ, ಒಂದು ನಾಯಿಗೆ ಇಷ್ಟು ಬೇಸರವಾ? ನಾಳೆ ಇನ್ನೊಂದು ತಂದರಾಯಿತು’ ಎಂದರು. ಅಮ್ಮ, ‘ಇನ್ನೊಂದು ತರಬಹುದು ಅಣ್ಣ, ಇದೇ ಬರುತ್ತದಾ?’ ಅಂತ ಅಷ್ಟೇ ಹೇಳಿ ಒಳಗೆ ಹೋದರು. ಈ ಎರಡು ಮಾತಿನಲ್ಲಿ ಯಾವುದು ಸರಿ? ನಾಯಿ ಸತ್ತರೆ ಅಳುವುದು, ಅದರ ನೆನಪನ್ನು ಇಟ್ಟುಕೊಳ್ಳುವುದು ಪಟ್ಟಣದವರ ಹೊಸ ಶೋಕಿಯೇ, ಅಥವಾ ಮನುಷ್ಯ ಮೊದಲಿನಿಂದಲೂ ಮಾಡುತ್ತ ಬಂದ ಕೆಲಸವೇ? ಇದನ್ನು ತಿಳಿಯಲು ಹೊರಟಾಗ ಸಿಕ್ಕಿದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಆತಕೂರಿನ ಕಾಳಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಒಂದು ಹಳ್ಳಿ. ಅಲ್ಲಿ ಸಿಕ್ಕ ಹಳಗನ್ನಡದ ಶಾಸನದ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949–50. ನಮ್ಮ ಇತಿಹಾಸದ ಪಾಠದಲ್ಲಿ ಬರುವ ತಕ್ಕೋಲದ ಯುದ್ಧ ನೆನಪಿದೆಯೇ? ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ಮಾಡಿದ ಯುದ್ಧ ಅದು. ಕೃಷ್ಣನ ಕಡೆ ಗಂಗರ ಇಮ್ಮಡಿ ಬೂತುಗನಿದ್ದ. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಬೂತುಗನ ಕೈಯಲ್ಲಿ ಸತ್ತ. ಬೂತುಗನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ದೊಡ್ಡ ದೊಡ್ಡ ನಾಡುಗಳೇ ಬಹುಮಾನವಾಗಿ ಸಿಕ್ಕವು. ಪರೀಕ್ಷೆಗೆ ನಾವು ಓದುವುದು ಇಲ್ಲಿಗೆ ಮುಗಿಯುತ್ತದೆ. ಶಾಸನ ಮಾತ್ರ ಇಲ್ಲಿಗೆ ಮುಗಿಯುವುದಿಲ್ಲ.

ಬೂತುಗನ ಕೈಕೆಳಗೆ ಮಣಲೇರ ಎಂಬ ಒಬ್ಬ ವೀರನಿದ್ದ. ಯುದ್ಧದಲ್ಲಿ ಅವನು ತೋರಿಸಿದ ಪರಾಕ್ರಮಕ್ಕೆ ಚಕ್ರವರ್ತಿಯೇ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಇಡೀ ದಕ್ಷಿಣ ದೇಶವನ್ನು ಗೆದ್ದು ನಿಂತ ರಾಜ ಕೇಳು ಅನ್ನುವಾಗ ಮನುಷ್ಯ ಏನು ಕೇಳಬಹುದು? ಊರು, ಆನೆ, ಬಂಗಾರ, ಪದವಿ ಏನು ಬೇಕಾದರೂ ಕೇಳಬಹುದಿತ್ತು. ಮಣಲೇರ ಕೇಳಿದ್ದು ರಾಜನ ಬಳಿ ಇದ್ದ ಕಾಳಿ ಎಂಬ ಬೇಟೆನಾಯಿಯನ್ನು. ರಾಜ ಕೊಟ್ಟ.

ಆಮೇಲೆ ಒಂದು ದಿನ, ಕೆಲಲೆ ನಾಡಿನ ಬೆಳತೂರಿನ ಪಶ್ಚಿಮದ ಬೆಟ್ಟದ ಕಡೆ, ಒಂದು ದೊಡ್ಡ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿ, ಹಂದಿ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಒಂದು ಕಲ್ಲನ್ನು ನಿಲ್ಲಿಸಲಾಯಿತು. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಇದೆ. ಈಗ ಈ ಕಲ್ಲು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಯಲ್ಲಿ ಊರಿಗೆ ಹೋಗುವ ದಾರಿಯಲ್ಲಿ ಬೆಂಗಳೂರು ಬಂದರೆ ಒಂದು ಗಂಟೆ ಬಿಡುವು ಮಾಡಿಕೊಂಡು ನೋಡಬಹುದು.

ಇಲ್ಲಿ ನಾವು ವಾಣಿಜ್ಯ ವಿಭಾಗದವರು ಗಮನಿಸಬೇಕಾದದ್ದು ಒಂದಿದೆ. ಮಣಲೇರ ಬರೀ ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳಲಿಲ್ಲ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಅದಕ್ಕೆಂದೇ ಬಿಟ್ಟ. ಖಂಡುಗ ಎಂದರೆ ಬಿತ್ತನೆ ಬೀಜದ ಅಳತೆ. ಎಷ್ಟು ನೆಲಕ್ಕೆ ಅಷ್ಟು ಬೀಜ ಬೇಕೋ ಅಷ್ಟು ನೆಲ. ಕೆರೆಯ ಕೆಳಗಿನ ನೆಲ ಅಂದರೆ ನೀರಾವರಿ ಇರುವ, ವರ್ಷ ವರ್ಷ ಬೆಳೆ ಬರುವ ಒಳ್ಳೆಯ ಗದ್ದೆ. ಆ ದೇವಸ್ಥಾನದ ಗೊರವ, ಅಂದರೆ ಶೈವ ಅರ್ಚಕ, ಅದರ ಉತ್ಪತ್ತಿಯಿಂದ ಕಲ್ಲಿಗೆ ಪೂಜೆ ಮಾಡಬೇಕು. ಪೂಜೆ ಮಾಡದೆ ಊಟ ಮಾಡಿದರೆ ಅವನಿಗೆ ಆ ನಾಯಿಯ ಪಾಪ ತಟ್ಟುತ್ತದೆ ಅಂತ ಶಾಸನ ಹೇಳುತ್ತದೆ. ನಾವು ತರಗತಿಯಲ್ಲಿ ಓದುವ ಟ್ರಸ್ಟಿನ ಲಕ್ಷಣಗಳನ್ನು ಇದಕ್ಕೆ ಹಚ್ಚಿ ನೋಡಿ. ಉದ್ದೇಶ ಇದೆ, ಮೂಲಧನ ಇದೆ, ಮೂಲಧನದಿಂದ ಪ್ರತಿವರ್ಷ ಬರುವ ಆದಾಯ ಇದೆ, ನೋಡಿಕೊಳ್ಳುವವನಿದ್ದಾನೆ, ತಪ್ಪಿದರೆ ದಂಡನೆಯೂ ಇದೆ. ನೆನಪು ತಾನಾಗಿ ಉಳಿಯುವುದಿಲ್ಲ, ಅದಕ್ಕೂ ಒಂದು ಏರ್ಪಾಡು ಬೇಕು, ಖರ್ಚು ಇದೆ ಎಂಬುದನ್ನು ಆ ವೀರ ಚೆನ್ನಾಗಿ ತಿಳಿದಿದ್ದ.

ಇವತ್ತು ಆ ಪೂಜೆ ನಿಂತಿದೆ. ಕಲ್ಲು ಊರನ್ನೇ ಬಿಟ್ಟು ಬೆಂಗಳೂರು ಸೇರಿದೆ. ಆದರೂ ಅಕ್ಷರ ಉಳಿದದ್ದರಿಂದ ಕಾಳಿಯ ಹೆಸರು ಉಳಿಯಿತು. ಇನ್ನೂ ಒಂದು ವಿಶೇಷ ಹೇಳಬೇಕು. ತಕ್ಕೋಲದ ಯುದ್ಧದ ಬಗ್ಗೆ ಇತಿಹಾಸಕಾರರಿಗೆ ಸಿಕ್ಕ ಮುಖ್ಯವಾದ ಆಧಾರಗಳಲ್ಲಿ ಈ ನಾಯಿಯ ಕಲ್ಲೂ ಒಂದು. ದೊಡ್ಡ ರಾಜರ ಸಂಗತಿ ನಮಗೆ ತಿಳಿದುಬಂದದ್ದು ಒಂದು ನಾಯಿಯ ನೆಪದಲ್ಲಿ!

ಇನ್ನೂ ಹಿಂದೆ ಹೋದರೆ

ಕಾಳಿ ಒಂಟಿಯಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ 7ನೆಯ ಶತಮಾನದ ವೀರಗಲ್ಲು ಒಂದಿದೆ. ದನಗಳ್ಳರನ್ನು ಎದುರಿಸಿ ಸತ್ತ ವೀರನ ಪಕ್ಕದಲ್ಲೇ ಅವನ ನಾಯಿಯ ಚಿತ್ರ, ಆ ನಾಯಿಯ ಹೆಸರು ಕೋವಿವನ್ ಎಂಬುದೂ ಬರೆದಿದೆ.

ಅಕ್ಷರ ಹುಟ್ಟುವ ಮೊದಲೂ ಇದೇ ಕತೆ. ಕಾಶ್ಮೀರದ ಬುರ್ಜಹೋಮ್‌ನಲ್ಲಿ ನವಶಿಲಾಯುಗದ ಸಮಾಧಿಗಳನ್ನು ಅಗೆದಾಗ ಮನುಷ್ಯರ ಜೊತೆ ನಾಯಿಗಳನ್ನು ಹೂತದ್ದು ಕಂಡುಬಂತು. ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ ಸಮಾಧಿ ಸುಮಾರು 14,000 ವರ್ಷ ಹಳೆಯದು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಅವರ ಜೊತೆ ಒಂದು ನಾಯಿಮರಿ. 2018ರಲ್ಲಿ ವಿಜ್ಞಾನಿಗಳು ಅದರ ಹಲ್ಲುಗಳನ್ನು ಪರೀಕ್ಷಿಸಿದರು. ಆ ಮರಿಗೆ ಡಿಸ್ಟೆಂಪರ್ ಎಂಬ ಕಾಯಿಲೆ ಬಂದಿತ್ತು, ಮನುಷ್ಯರು ನೀರು ಅನ್ನ ಕೊಟ್ಟು, ಬೆಚ್ಚಗಿಟ್ಟು ನೋಡಿಕೊಳ್ಳದಿದ್ದರೆ ಅದು ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು ಅವರ ತೀರ್ಮಾನ. ಯೋಚಿಸಿ. ಆಗ ಬೇಸಾಯವೇ ಇರಲಿಲ್ಲ. ದನ, ಕುರಿ, ಆಡು ಯಾವುದನ್ನೂ ಸಾಕಿರಲಿಲ್ಲ. ಬೇಟೆಯಾಡಿ ತಿನ್ನುವ, ತಮ್ಮ ಹೊಟ್ಟೆಗೇ ಸಾಲದ ಜನ, ಬೇಟೆಗೂ ಬಾರದ, ಕಾವಲಿಗೂ ಬಾರದ ಒಂದು ರೋಗದ ಮರಿಯನ್ನು ಸಾಕಿದರು. ಲಾಭ ನಷ್ಟದ ಲೆಕ್ಕಕ್ಕೆ ಇದು ಹೇಗೂ ಕೂಡುವುದಿಲ್ಲ.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಈಜಿಪ್ಟಿನ ಜನರ ಬಗ್ಗೆ ಬರೆದಿದ್ದಾನೆ. ಮನೆಯ ಬೆಕ್ಕು ಸತ್ತರೆ ಅವರು ಹುಬ್ಬು ಬೋಳಿಸಿಕೊಳ್ಳುತ್ತಿದ್ದರಂತೆ. ನಾಯಿ ಸತ್ತರೆ ತಲೆಯನ್ನೂ ಮೈಯನ್ನೂ ಪೂರ್ತಿ ಬೋಳಿಸಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ತಂದೆ ತಾಯಿ ತೀರಿದರೆ ಕೇಶಮುಂಡನ ಮಾಡಿಸುವ ಪದ್ಧತಿ ನೆನಪಾಗುತ್ತದೆ, ಅಲ್ಲವೇ?

ಮಹಾಭಾರತದ ಎರಡು ತುದಿ

ಧರ್ಮರಾಯನ ಹಿಂದೆ ಸ್ವರ್ಗದವರೆಗೆ ನಡೆದ ನಾಯಿಯ ಕಥೆ ಎಲ್ಲರಿಗೂ ಗೊತ್ತು. ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ದಾರಿಯಲ್ಲಿ ಬಿದ್ದರು. ಕೊನೆಗೆ ಉಳಿದದ್ದು ಧರ್ಮರಾಯ, ಹಸ್ತಿನಾವತಿಯಿಂದ ಹಿಂಬಾಲಿಸಿ ಬಂದ ಆ ನಾಯಿ. ಇಂದ್ರ ರಥ ತಂದು, ನಾಯಿಯನ್ನು ಬಿಟ್ಟು ಹತ್ತು ಎಂದಾಗ ಧರ್ಮರಾಯ ಒಪ್ಪಲಿಲ್ಲ. ನಂಬಿ ಬಂದವರನ್ನು ಕೈಬಿಡುವುದು ಮಹಾಪಾಪ ಅಂತ ಅವನ ವಾದ. ಕೊನೆಗೆ ಆ ನಾಯಿ ಯಮಧರ್ಮನೇ ಎಂದು ತಿಳಿಯುತ್ತದೆ.

ನಮ್ಮ ಸಾಹಿತ್ಯ ವೃಂದದ ಗೆಳೆಯರಿಗೆ ಒಂದು ಸಣ್ಣ ಪ್ರಶ್ನೆ. ಈ ನಾಯಿ ಗದುಗಿನ ಭಾರತದಲ್ಲಿ ಎಲ್ಲಿದೆ? ಹುಡುಕಿದರೆ ಸಿಗುವುದಿಲ್ಲ. ಯಾಕೆಂದರೆ ಕುಮಾರವ್ಯಾಸ ಬರೆದದ್ದು ಮೊದಲ ಹತ್ತು ಪರ್ವ ಮಾತ್ರ, ಗದಾಪರ್ವಕ್ಕೆ ಅವನ ಕಥೆ ನಿಲ್ಲುತ್ತದೆ. ಈ ನಾಯಿ ಬರುವುದು ಆಮೇಲಿನ ಮಹಾಪ್ರಸ್ಥಾನಿಕ ಪರ್ವದಲ್ಲಿ. ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ವಿಜಯನಗರದ ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ.

ಕೊನೆಯ ನಾಯಿ ಎಲ್ಲರಿಗೂ ಗೊತ್ತು, ಮೊದಲ ನಾಯಿ ಅಷ್ಟಾಗಿ ಗೊತ್ತಿಲ್ಲ. ಮೂಲಭಾರತದ ಆದಿಪರ್ವದ ಪ್ರಾರಂಭದಲ್ಲೇ ಜನಮೇಜಯನ ಯಜ್ಞಶಾಲೆಗೆ ಒಂದು ನಾಯಿಮರಿ ಬರುತ್ತದೆ. ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ಸಹ ನೋಡಲಿಲ್ಲ. ಆದರೂ ಜನಮೇಜಯನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ತಾಯಿಯ ಬಳಿ ಹೋಗುತ್ತದೆ. ತಾಯಿ ಸರಮೆ, ದೇವತೆಗಳ ನಾಯಿ, ನೇರ ಯಜ್ಞಶಾಲೆಗೇ ಬಂದು, ನನ್ನ ಮಗ ಏನು ತಪ್ಪು ಮಾಡಿದ ಅಂತ ಕೇಳುತ್ತಾಳೆ. ಯಾರಲ್ಲೂ ಉತ್ತರವಿಲ್ಲ. ತಪ್ಪಿಲ್ಲದವನನ್ನು ಹೊಡೆದಿರಿ, ನಿಮಗೆ ಕಾಣದ ಕಡೆಯಿಂದ ಭಯ ಬರುತ್ತದೆ ಎಂದು ಶಪಿಸಿ ಹೋಗುತ್ತಾಳೆ. ಚಕ್ರವರ್ತಿ ಹೆದರಿ ಶಾಂತಿ ಮಾಡಿಸಲು ಪುರೋಹಿತನನ್ನು ಹುಡುಕುತ್ತಾನೆ. ಹೀಗೆ ಅಷ್ಟು ದೊಡ್ಡ ಕಾವ್ಯದ ಒಂದು ತುದಿಯಲ್ಲಿ ಅನ್ಯಾಯಕ್ಕೆ ಸಿಕ್ಕ ನಾಯಿ, ಇನ್ನೊಂದು ತುದಿಯಲ್ಲಿ ನ್ಯಾಯ ಸಿಕ್ಕ ನಾಯಿ.

ದೇವರ ಜೊತೆಯ ನಾಯಿ

ಭೈರವನಿಗೆ ನಾಯಿ ವಾಹನ. ದತ್ತಾತ್ರೇಯನ ಕಾಲ ಬಳಿ ಇರುವ ನಾಲ್ಕು ನಾಯಿಗಳು ನಾಲ್ಕು ವೇದಗಳೆಂದು ಹೇಳುತ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಮತ್ತು ಪುಣೆ ಹತ್ತಿರದ ಜೇಜುರಿ ನಮ್ಮ ಎರಡು ನಾಡುಗಳ ನಡುವಿನ ಕೊಂಡಿ ಇದ್ದ ಹಾಗೆ. ಅಲ್ಲಿ ಮೈಲಾರಲಿಂಗ, ಇಲ್ಲಿ ಖಂಡೋಬ. ಇಬ್ಬರ ಜೊತೆಗೂ ನಾಯಿ ಇದೆ. ಮೈಲಾರನ ಭಕ್ತರಾದ ಗೊರವಯ್ಯಗಳು ಕಂಬಳಿ ಹೊದ್ದು, ಕರಡಿ ಕೂದಲಿನ ಕುಲಾವಿ ತೊಟ್ಟು, ಡಮರು ಹಿಡಿದು ಬರುತ್ತಾರೆ. ದೋಣಿ ಸೇವೆಯ ಹೊತ್ತಿಗೆ ದೋಣಿಯಲ್ಲಿಟ್ಟ ಹಾಲು, ಬಾಳೆಹಣ್ಣಿನ ಮಿಶ್ರಣಕ್ಕೆ ನಾಯಿಯ ಹಾಗೆ ಬೊಗಳುತ್ತ ಬಾಯಿ ಹಾಕಿ ತಿನ್ನುತ್ತಾರೆ. ದೇವರ ಮುಂದೆ ತಾನು ನಾಯಿ ಅಂದರೆ ಅದು ಬೈಗುಳ ಅಲ್ಲ, ಭಕ್ತಿಯ ಕೊನೆಯ ಮೆಟ್ಟಿಲು. ಆತಕೂರಿನಲ್ಲಿ ಕಾಳಿಯ ಕಲ್ಲನ್ನು ಪೂಜಿಸಬೇಕಾದವನ ಹೆಸರೂ ಗೊರವ ಎಂಬುದನ್ನು ಓದಿದಾಗ ನನಗೆ ಒಂದು ಕ್ಷಣ ಮೈ ಜುಂ ಎಂದಿತು.

ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೇ ಒಂದು ಗುಡಿ ಇದೆ. ಗ್ರಾಮದೇವತೆ ಕೆಂಪಮ್ಮನ ಗುಡಿ ಕಟ್ಟುವಾಗ ಅಲ್ಲೇ ಇದ್ದ ಎರಡು ನಾಯಿಗಳು ಕಾಣೆಯಾದವು, ದೇವಿ ಕನಸಿನಲ್ಲಿ ಬಂದು ಅವಕ್ಕೂ ಗುಡಿ ಕಟ್ಟಿಸಿ ಎಂದಳು ಅಂತ ಊರವರು ಹೇಳುತ್ತಾರೆ. ಇದು ಹಳೆಯ ಗುಡಿಯಲ್ಲ, ನಮ್ಮ ಕಾಲದ್ದೇ.

ಕಥೆ ಯಾವುದು, ನಿಜ ಯಾವುದು

ಇಂಥ ವಿಷಯ ಓದುವಾಗ ಒಂದು ಎಚ್ಚರ ಬೇಕು. ನಾಯಿಯ ನೆನಪುಗಳಲ್ಲಿ ದಾಖಲೆ ಇರುವುದು ಕೆಲವು, ಜನ ಕಟ್ಟಿಕೊಂಡದ್ದು ಕೆಲವು.

ಛತ್ತೀಸಗಢದ ಬಾಲೋದ್ ಜಿಲ್ಲೆಯ ಖಪರಿಯಲ್ಲಿ ಕುಕುರದೇವ ಮಂದಿರ ಇದೆ. ಅಲ್ಲಿಯ ಕಥೆ ವಾಣಿಜ್ಯದ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಒಬ್ಬ ಬಂಜಾರ ಸಾಲಕ್ಕೆ ಒತ್ತೆಯಾಗಿ ತನ್ನ ನಾಯಿಯನ್ನು ಸಾಹುಕಾರನ ಮನೆಯಲ್ಲಿ ಬಿಟ್ಟ. ಸಾಹುಕಾರನ ಮನೆಗೆ ಕಳ್ಳರು ನುಗ್ಗಿದರು, ನಾಯಿ ಕದ್ದ ಮಾಲು ಇದ್ದ ಜಾಗವನ್ನು ತೋರಿಸಿಕೊಟ್ಟಿತು. ಸಂತೋಷಗೊಂಡ ಸಾಹುಕಾರ ಸಾಲ ತೀರಿತು ಎಂದು ಚೀಟಿ ಬರೆದು, ಕೊರಳಿಗೆ ಕಟ್ಟಿ ನಾಯಿಯನ್ನು ಕಳಿಸಿದ. ಬಂಜಾರ ದೂರದಿಂದ ಕಂಡು, ನನ್ನ ಮಾತು ಮುರಿದು ಓಡಿಬಂತು ಎಂದು ಸಿಟ್ಟಿನಲ್ಲಿ ಹೊಡೆದು ಕೊಂದ. ಆಮೇಲೆ ಚೀಟಿ ಓದಿದ. ಇದರಲ್ಲಿ ನಾಯಿಯ ಬದಲು ಮುಂಗುಸಿಯನ್ನೂ ಚೀಟಿಯ ಬದಲು ಸತ್ತ ಹಾವನ್ನೂ ಇಟ್ಟರೆ ಪಂಚತಂತ್ರದ ಕಥೆ. ಯುರೋಪಿನ ವೇಲ್ಸ್ ದೇಶದಲ್ಲಿ ಗೆಲರ್ಟ್ ಎಂಬ ನಾಯಿಯ ಬಗ್ಗೆಯೂ ಇಂಥದೇ ಕಥೆ ಇದೆ. ಒಂದೇ ಕಥೆ ಇಷ್ಟು ಕಡೆ ಇದ್ದರೆ ಅದು ನಡೆದ ಘಟನೆಯ ವರದಿಯಾಗಿರಲಾರದು. ಆದರೆ ಇಷ್ಟು ಕಡೆ ಜನ ಅದನ್ನು ಉಳಿಸಿಕೊಂಡರಲ್ಲ, ಯಾಕೆ? ಮಾತು ಬಾರದ ಪ್ರಾಣಿ ತನ್ನ ಪರ ವಾದಿಸಲಾರದು. ಅದಕ್ಕೆ ನಾವು ಕೊಡಬೇಕಾದ್ದನ್ನು ಕೊಟ್ಟೆವೋ ಇಲ್ಲವೋ ಎಂಬ ಅಳುಕು ಎಲ್ಲ ದೇಶದವರಿಗೂ ಇದೆ.

ನಮ್ಮ ಮಹಾರಾಷ್ಟ್ರದಲ್ಲಿ ರಾಯಗಡದ ಮೇಲೆ ಶಿವಾಜಿ ಮಹಾರಾಜರ ಸಮಾಧಿಯ ಹತ್ತಿರ ವಾಘ್ಯಾ ಎಂಬ ನಾಯಿಯ ಸ್ಮಾರಕ ಇದೆ. ಕಾಲೇಜಿನ ಪ್ರವಾಸಕ್ಕೆ ಹೋದವರೆಲ್ಲ ಅದನ್ನು ನೋಡಿರುತ್ತೀರಿ. ಒಡೆಯನ ಚಿತೆಗೆ ಹಾರಿತು ಎಂಬುದು ಜನಪ್ರಿಯ ಕಥೆ. ರಾಮ ಗಣೇಶ ಗಡ್ಕರಿಯವರ ‘ರಾಜಸಂನ್ಯಾಸ’ ನಾಟಕದಿಂದ ಆ ನಾಯಿಯ ಹೆಸರು ಮನೆಮಾತಾಯಿತು, ಸ್ಮಾರಕ ಆದದ್ದು 1936ರಲ್ಲಿ. ಶಿವಾಜಿಯ ಕಾಲದ ದಾಖಲೆ ಇದಕ್ಕೆ ಇಲ್ಲ ಎಂದು ವಿರೋಧಿಸುವವರಿದ್ದಾರೆ. 2012ರಲ್ಲಿ ಒಂದು ಗುಂಪು ಅದನ್ನು ಕಿತ್ತುಹಾಕಿತು, ಆಮೇಲೆ ಮತ್ತೆ ನಿಲ್ಲಿಸಿದರು. 2025ರಲ್ಲಿ ಪುನಃ ವಾದ ಎದ್ದಿತು.

ಜಪಾನಿನ ಹಾಚಿಕೋ ಮಾತ್ರ ಪೂರ್ತಿ ನಿಜ. ಟೋಕಿಯೋದ ಪ್ರಾಧ್ಯಾಪಕ ಉಯೆನೋ 1925ರ ಮೇ ತಿಂಗಳಲ್ಲಿ ಕೆಲಸದ ಜಾಗದಲ್ಲೇ ತೀರಿಕೊಂಡರು. ಅವರ ನಾಯಿ ಶಿಬುಯಾ ಸ್ಟೇಷನ್ನಿಗೆ ಬಂದು ಕಾಯುತ್ತಲೇ ಇತ್ತು, ಒಂದಲ್ಲ ಎರಡಲ್ಲ, ಹೆಚ್ಚುಕಡಿಮೆ ಹತ್ತು ವರ್ಷ. 1935ರ ಮಾರ್ಚ್ 8ರಂದು ಅದೂ ಸತ್ತಿತು. 1934ರಲ್ಲಿ, ಅದು ಬದುಕಿರುವಾಗಲೇ, ಸ್ಟೇಷನ್ನಿನ ಮುಂದೆ ಕಂಚಿನ ಪ್ರತಿಮೆ ನಿಲ್ಲಿಸಿದ್ದರು. ಯುದ್ಧಕಾಲದಲ್ಲಿ ಲೋಹ ಬೇಕಾಗಿ ಅದನ್ನು ಕರಗಿಸಿದರು. ಯುದ್ಧದಲ್ಲಿ ಸೋತು ಸುಣ್ಣವಾದ ಆ ದೇಶ 1948ರಲ್ಲಿ ಮತ್ತೆ ಹೊಸ ಪ್ರತಿಮೆ ಮಾಡಿಸಿತು. ಊಟಕ್ಕೆ ಪರದಾಡುವ ಕಾಲದಲ್ಲಿ ನಾಯಿಯ ಪ್ರತಿಮೆಗೆ ಕಂಚು ಹೊಂದಿಸಿದ ಜನರನ್ನು ಹುಚ್ಚರು ಅನ್ನಬೇಕೋ, ದೊಡ್ಡವರು ಅನ್ನಬೇಕೋ ನೀವೇ ಹೇಳಿ.

ನಮ್ಮ ಮುಂಬಯಿಯಲ್ಲಿ

ಈ ನಗರಕ್ಕೂ ನಾಯಿಯ ಇತಿಹಾಸ ಇದೆ. 1832ರಲ್ಲಿ ಕಂಪನಿ ಸರಕಾರ ಬೀದಿನಾಯಿಗಳನ್ನು ಕೊಲ್ಲಲು ಹೊರಟು, ಪೊಲೀಸರಿಗೆ ತಲೆಗಿಷ್ಟು ಎಂದು ಇನಾಮು ಇಟ್ಟಿತು. ಇನಾಮಿನ ಆಸೆಗೆ ಅವರು ಮನೆಯ ಮುಂದಿನ ಸಾಕುನಾಯಿಗಳನ್ನೂ ಬಿಡಲಿಲ್ಲ. ಪಾರ್ಸಿಗಳಿಗೆ ನಾಯಿ ಪವಿತ್ರ. ಮನುಷ್ಯ ಸತ್ತಾಗ ನಾಯಿಯ ದೃಷ್ಟಿ ಆ ದೇಹದ ಮೇಲೆ ಬೀಳಬೇಕೆಂಬ ಸಗ್‌ದೀದ್ ಎಂಬ ವಿಧಿಯೇ ಅವರಲ್ಲಿದೆ. ಆ ಜೂನ್ 6ರಂದು ಕೋಟೆ ಪ್ರದೇಶದಲ್ಲಿ ಅಂಗಡಿಗಳೆಲ್ಲ ಮುಚ್ಚಿ, ಜನ ಬೀದಿಗಿಳಿದು ಗಲಭೆಯಾಯಿತು. ಪಾರ್ಸಿಗಳ ಜೊತೆ ಹಿಂದೂಗಳು, ಜೈನರು, ಮುಸಲ್ಮಾನರೂ ಸೇರಿದ್ದರು.

1993ರ ಬಾಂಬ್ ಸ್ಫೋಟಗಳ ಕಾಲದಲ್ಲಿ ಮುಂಬಯಿ ಪೊಲೀಸರ ಬಳಿ ಜಂಜೀರ್ ಎಂಬ ಲ್ಯಾಬ್ರಡಾರ್ ಇತ್ತು. ಅದು ಮೂಸಿ ಹಿಡಿದ ಆರ್‌ಡಿಎಕ್ಸ್ ಸ್ಫೋಟಕವೇ 3,000 ಕಿಲೋಗಿಂತ ಹೆಚ್ಚು. ಅದು ಹಿಡಿಯದೆ ಹೋಗಿದ್ದರೆ ನಮ್ಮ ಅಪ್ಪ ದೊಡ್ಡಪ್ಪಂದಿರು ಹೋಗಿಬರುತ್ತಿದ್ದ ಯಾವ ರಸ್ತೆ, ಯಾವ ಲೋಕಲ್ ಗಾಡಿ ಉಳಿಯುತ್ತಿತ್ತೋ! 2000ದ ನವೆಂಬರಿನಲ್ಲಿ ಎಲುಬಿನ ಕ್ಯಾನ್ಸರಿನಿಂದ ಅದು ಸತ್ತಾಗ ಪೊಲೀಸ್ ಅಧಿಕಾರಿಗಳು ಹೂವಿಟ್ಟು, ಸಕಲ ಮರ್ಯಾದೆಯಿಂದ ಹೂತರು.

ಜಂಜೀರಿಗೆ ಮರ್ಯಾದೆ ಸಿಕ್ಕಿತು, ಸರಿ. ಸಾಮಾನ್ಯರ ಮನೆಯ ನಾಯಿಗೆ? ಊರಿನಲ್ಲಾದರೆ ತೋಟದ ಮೂಲೆಯಲ್ಲಿ ಒಂದು ತೆಂಗಿನ ಬುಡ ಸಿಗುತ್ತದೆ. ಇಲ್ಲಿ ಮನುಷ್ಯನಿಗೇ ನೆಲ ಇಲ್ಲ. ಮೋತಿ ಸತ್ತ ರಾತ್ರಿ ಒಬ್ಬರು, ‘ಚೀಲದಲ್ಲಿ ಕಟ್ಟಿ ಕಚರಾ ಗಾಡಿಗೆ ಕೊಡಿ, ಎಲ್ಲರೂ ಹಾಗೇ ಮಾಡುವುದು’ ಅಂತ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ. ಆದ್ದರಿಂದ ಇದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. 2023ರಲ್ಲಿ ಮುಂಬಯಿ ಮಹಾನಗರಪಾಲಿಕೆ ಮಲಾಡಿನಲ್ಲಿ ಪ್ರಾಣಿಗಳಿಗೆಂದೇ ಗ್ಯಾಸಿನ ದಹನಯಂತ್ರ ತೆರೆಯಿತು. ಪಶುವೈದ್ಯರನ್ನು ಕೇಳಿದರೆ ಹತ್ತಿರದ ಏರ್ಪಾಡು ಯಾವುದು ಎಂದು ಹೇಳುತ್ತಾರೆ. ಮುದಿನಾಯಿ ಮನೆಯಲ್ಲಿದ್ದರೆ ಇದನ್ನು ಮುಂಚೆಯೇ ವಿಚಾರಿಸಿ ಇಟ್ಟುಕೊಳ್ಳಬೇಕು. ಆ ಹೊತ್ತಿಗೆ ಯೋಚಿಸುವ ಶಕ್ತಿ ಇರುವುದಿಲ್ಲ.

ದುಃಖ ಯಾಕೆ ಆಗುತ್ತದೆ

ಈಗ ಮಾವನ ಮಾತಿಗೆ ಬರೋಣ. ಇನ್ನೊಂದು ತಂದರಾಯಿತು ಎಂಬ ಮಾತಿನಲ್ಲಿ ನಾಯಿ ಎಂದರೆ ಒಂದು ಸರಕು ಎಂಬ ಭಾವನೆ ಇದೆ. ಸರಕು ಎಂದೇ ಇಟ್ಟುಕೊಳ್ಳೋಣ. 1930ರ ಸರಕು ಮಾರಾಟ ಕಾಯಿದೆಯಲ್ಲಿ ನಾವು ಎರಡು ಬಗೆ ಓದುತ್ತೇವೆ. ಹತ್ತು ಮೂಟೆ ಅಕ್ಕಿ ಕೊಡುತ್ತೇನೆ ಎಂದರೆ ಯಾವ ಹತ್ತು ಮೂಟೆಯಾದರೂ ನಡೆಯುತ್ತದೆ. ಆದರೆ ಇದೇ ಕುದುರೆ ಎಂದು ಗೊತ್ತುಮಾಡಿ ಒಪ್ಪಂದವಾಗಿ, ಮಾರಾಟಕ್ಕೆ ಮುಂಚೆ ಆ ಕುದುರೆ ಯಾರ ತಪ್ಪೂ ಇಲ್ಲದೆ ಸತ್ತರೆ ಒಪ್ಪಂದವೇ ರದ್ದು. ಇನ್ನೊಂದು ಕುದುರೆ ತಂದು ನಿಲ್ಲಿಸಿ, ತಗೊಳ್ಳಿ ಅನ್ನಲು ಬರುವುದಿಲ್ಲ. ಕಾಯಿದೆಗೇ ಇಷ್ಟು ತಿಳಿಯುತ್ತದೆ. ಅಮ್ಮ ಹೇಳಿದ್ದೂ ಇದನ್ನೇ.

ವಿಜ್ಞಾನವೂ ಒಂದು ಕಾರಣ ಹೇಳುತ್ತದೆ. ತಾಯಿ ಮಗು ಪರಸ್ಪರ ನೋಡಿಕೊಳ್ಳುವಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದೆ. ನಾಯಿ ಮತ್ತು ಅದರ ಒಡೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಾಗ ಇಬ್ಬರಲ್ಲೂ ಅದೇ ರಸ ಹೆಚ್ಚುವುದನ್ನು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಮನುಷ್ಯರೇ ಸಾಕಿದ ತೋಳಗಳಲ್ಲಿ ಅದು ಕಂಡುಬರಲಿಲ್ಲ. ಸಾವಿರಾರು ವರ್ಷದ ಒಡನಾಟದಲ್ಲಿ ನಾಯಿ ನಮ್ಮ ಮಕ್ಕಳ ಜಾಗಕ್ಕೇ ಬಂದು ಕೂತಿದೆ ಎನ್ನಬಹುದು.

ಎರಡನೆಯ ಕಾರಣ ದಿನಚರಿ. ಮನುಷ್ಯರು ಕೆಲಸಕ್ಕೆ, ಕಾಲೇಜಿಗೆ ಹೋಗುತ್ತಾರೆ. ನಾಯಿ ದಿನವಿಡೀ ಮನೆಯಲ್ಲೇ. ಮೋತಿ ಯಾವ ಹಂದಿಯ ಜೊತೆಗೂ ಹೋರಾಡಲಿಲ್ಲ, ಯಾವ ಕಳ್ಳನನ್ನೂ ಹಿಡಿಯಲಿಲ್ಲ. ಬೆಳಿಗ್ಗೆ ಅಪ್ಪ ಹಾಲಿಗೆ ಹೊರಟರೆ ಗೇಟಿನವರೆಗೆ ಹೋಗಿ ಬರುತ್ತಿತ್ತು. ರಾತ್ರಿ ಕೊನೆಯವನು ಮನೆ ಸೇರುವವರೆಗೆ ಜಿನೆಯ ಮೇಲೆ ಕೂತಿರುತ್ತಿತ್ತು. ಅಜ್ಜಿ ಹಾಸಿಗೆ ಹಿಡಿದ ನಾಲ್ಕು ತಿಂಗಳು ಮಂಚದ ಅಡಿಯಿಂದ ಕದಲಲಿಲ್ಲ. ಅಷ್ಟೇ. ಆದರೆ ಅಮ್ಮ ಕಾವಲಿಯ ಕೊನೆಯ ದೋಸೆಯನ್ನು ಮೋತಿಗೆ ಎಂದು ಸಣ್ಣದಾಗಿ ಹೊಯ್ಯುತ್ತಿದ್ದರು. 13 ವರ್ಷದ ಆ ಅಭ್ಯಾಸ ಕೈಯನ್ನು ಬಿಟ್ಟಿಲ್ಲ. ಈಗಲೂ ಕೊನೆಗೆ ಒಂದು ಸಣ್ಣ ದೋಸೆ ಆಗುತ್ತದೆ, ಅದನ್ನು ನಮ್ಮಲ್ಲಿ ಯಾರೂ ಮಾತಾಡದೆ ತಿನ್ನುತ್ತೇವೆ. ಮೋತಿ ಇಲ್ಲ ಎಂಬುದನ್ನು ಕೈ ಕಾಲು ಕಿವಿ ಒಂದೊಂದಾಗಿ ಕಲಿಯಬೇಕು. ಅದಕ್ಕೆ ಸಮಯ ಬೇಕಾಗುತ್ತದೆ.

ಮೂರನೆಯ ಕಾರಣ, ಈ ದುಃಖಕ್ಕೆ ಸಮಾಜದಲ್ಲಿ ಜಾಗ ಇಲ್ಲ. ಮನುಷ್ಯರು ಹೋದರೆ ಸೂತಕ ಇದೆ, ಹನ್ನೊಂದನೆಯ ದಿನ ಹನ್ನೆರಡನೆಯ ದಿನ ಇದೆ, ನೆರೆಯವರು ಅನ್ನ ತರುತ್ತಾರೆ, ಆಫೀಸಿನಲ್ಲಿ ರಜೆ ಕೊಡುತ್ತಾರೆ. ನಾಯಿ ಸತ್ತರೆ ಮರುದಿನ 7.52ರ ಗಾಡಿಗೆ ಓಡಬೇಕು, ಯಾರಾದರೂ ಯಾಕೆ ಮುಖ ಸಪ್ಪೆ ಎಂದರೆ ತಲೆನೋವು ಅನ್ನಬೇಕು. ಜನ ಒಪ್ಪದ ಇಂಥ ದುಃಖಕ್ಕೆ ಅಮೇರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸ 1989ರಲ್ಲಿ ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟ. ಹಕ್ಕು ಸಿಗದ ದುಃಖ ಅಂತ ನಾವು ಹೇಳಬಹುದು. ದುಃಖವನ್ನು ಹೇಳಿಕೊಳ್ಳಲು ಆಗದಿದ್ದರೆ ಅದು ಬೇಗ ಕರಗುವುದಿಲ್ಲ ಎಂಬುದು ಅವನ ವಾದದ ತಿರುಳು. ಆತಕೂರಿನ ಮಣಲೇರ ಊರೆದುರಿಗೆ, ದೇವರೆದುರಿಗೆ ಕಲ್ಲು ನಿಲ್ಲಿಸಿ ತನ್ನ ದುಃಖಕ್ಕೆ ಹಕ್ಕನ್ನು ತಾನೇ ಪಡೆದ.

ಹಾಗಾದರೆ ನಾವೇನು ಮಾಡಬೇಕು

ನಮ್ಮಲ್ಲಿ ಕೆರೆಯ ಕೆಳಗಿನ ಗದ್ದೆ ಇಲ್ಲ, ಕಲ್ಲು ಕಡಿಯುವ ಶಿಲ್ಪಿ ಇಲ್ಲ. ಆದರೆ ಶಾಸನದಲ್ಲಿ ಇರುವುದು ಏನು ಎಂದು ಬಿಡಿಸಿ ನೋಡಿದರೆ ನಾಲ್ಕೇ ಸಂಗತಿ: ಹೆಸರು, ಎಲ್ಲಿಂದ ಬಂತು, ಏನು ಮಾಡಿತು, ಹೇಗೆ ಹೋಯಿತು. ಇಷ್ಟನ್ನು ಬರೆಯಲು ಒಂದು ಕಾಗದ ಸಾಕು. ಕಾಳಿಯನ್ನು ಅಳಿಸದೆ ಉಳಿಸಿದ್ದು ಗದ್ದೆಯೂ ಅಲ್ಲ, ಪೂಜೆಯೂ ಅಲ್ಲ, ಬರಹ. ತೇಜಸ್ವಿಯವರ ನಾಯಿ ಕಿವಿಯನ್ನು ನಾವ್ಯಾರೂ ಕಣ್ಣಾರೆ ಕಂಡಿಲ್ಲ, ಆದರೂ 1980ರ ‘ಕರ್ವಾಲೊ’ ಓದಿದವರಿಗೆಲ್ಲ ಅದು ನಮ್ಮನೆಯದೇ ಅನ್ನಿಸುತ್ತದೆ. ಅದೂ ಬರಹದ ಮಹಿಮೆಯೇ. ನಿಮ್ಮ ಮನೆಯಲ್ಲೂ ಒಂದು ನಾಯಿ ಇದ್ದು ಹೋಗಿದ್ದರೆ, ಕೈಲಾದ ಮಟ್ಟಿಗೆ ನಾಲ್ಕು ಸಾಲು ಬರೆದಿಡಿ. ಪಕ್ಕದ ಮನೆಯವರ ನಾಯಿ ಸತ್ತರೆ, ಇನ್ನೊಂದು ತನ್ನಿ ಎಂದು ಮಾತ್ರ ಹೇಳಬೇಡಿ. ಅದರ ಹೆಸರು ಹಿಡಿದು ಒಂದು ಮಾತು ಆಡಿ, ಸಾಕು.

ಬೇರೆಯವರಿಗೆ ಉಪದೇಶ ಮಾಡಿದ ಮೇಲೆ ನಾನೂ ಬರೆಯಬೇಕಲ್ಲ. ಈ ಪತ್ರಿಕೆಯ ಸ್ಟೆನ್ಸಿಲ್ಲೇ ನಮ್ಮ ಪಾಲಿನ ಕಲ್ಲು:

ಹೆಸರು ಮೋತಿ. ಒಂದು ಮಳೆಗಾಲದ ಸಂಜೆ ಜಿನೆಯ ಕೆಳಗೆ ತಾನಾಗಿ ಬಂದು ಕೂತದ್ದು, ಯಾರೂ ಕೊಟ್ಟದ್ದಲ್ಲ, ಕೊಂಡದ್ದಲ್ಲ. 13 ವರ್ಷ ಐದು ಜನರನ್ನು ದಿನಾ ಎಣಿಸಿ ಮನೆ ಸೇರಿಸಿತು. ಅಜ್ಜಿಯ ಕೊನೆಗಾಲಕ್ಕೆ ಜೊತೆ ಇತ್ತು. ಮೂತ್ರಪಿಂಡದ ಕಾಯಿಲೆಯಿಂದ ಆಷಾಢದಲ್ಲಿ, ಅಮ್ಮನ ಕೈಯಲ್ಲಿ ತಲೆ ಇಟ್ಟು ಹೋಯಿತು. ಓದಿದವರಿಗೆ ಒಳ್ಳೆಯದಾಗಲಿ.